ಹಿಮದೂರಿಗೆ ಡೀಸೆಲ್ ಗಾಡಿ: ಸೀಮೆಎಣ್ಣೆಯ ಸಲಹೆ ಇನ್ನಾದರೂ ನಿಲ್ಲಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಮನಾಲಿ, ಸ್ಪಿತಿ, ಲಡಾಖ್ ಎಂದು ಡೀಸೆಲ್ ಗಾಡಿಯಲ್ಲಿ ಹೊರಡುವವರಿಗೆ ಕೊರತೆಯಿಲ್ಲ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಸಿಸ್ಸು, ಕೇಲಾಂಗ್ ಕಡೆ ನಡುಚಳಿಗಾಲದಲ್ಲೂ ಹೋಗಿಬರುವುದು ಸುಲಭವಾಗಿದೆ. ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ಕಾಜಾ ಮುಟ್ಟಿ ಬರುವುದೂ ಈಗ ಒಂದು ಗೀಳು. ಹೋಗಲಿ, ನೋಡಿ ಬರಲಿ. ನಮ್ಮ ತಕರಾರಿರುವುದು ಇವರ ಜತೆಜತೆಗೇ ವಾಟ್ಸ್‌ಆ್ಯಪ್‌ನಲ್ಲೂ ಪತ್ರಿಕೆಗಳ ಪ್ರವಾಸ ಪುಟಗಳಲ್ಲೂ ಓಡಾಡುವ ಒಂದು ಸಲಹೆಯ ಮೇಲೆ: ‘ಚಳಿಗೆ ಡೀಸೆಲ್ ಗಟ್ಟಿಯಾದರೆ ಟ್ಯಾಂಕಿಗೆ ಐದು ಲೀಟರ್ ಸೀಮೆಎಣ್ಣೆ ಸುರಿಯಿರಿ, ಅದಕ್ಕೂ ಜಗ್ಗದಿದ್ದರೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ’. ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ಕಟ್ಟುವುದೇ ಕಸುಬಾಗಿರುವ ನಾವು ಇದನ್ನು ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇವೆ. ಹಳೆಯ ಲಾರಿಗಳಲ್ಲಿ ಈ ಉಪಾಯ ಹೇಗೋ ನಡೆಯುತ್ತಿತ್ತು. ಈಗಿನ ಹೊಗೆ ನಿಯಮದ ಬಿಎಸ್-6 ಗಾಡಿಯಲ್ಲಿ ನಡೆಯುವುದಿಲ್ಲ. ಯಾಕೆ ಎನ್ನುವುದನ್ನೂ, ಬದಲಿಗೆ ಏನು ಮಾಡಬೇಕು ಎನ್ನುವುದನ್ನೂ ವಿವರವಾಗಿಯೇ ಹೇಳುತ್ತೇವೆ. ಪತ್ರ ಉದ್ದವಾದರೆ ಕ್ಷಮೆಯಿರಲಿ.

ಮೊದಲು ಡೀಸೆಲ್ ‘ಹೆಪ್ಪುಗಟ್ಟುವುದು’ ಅಂದರೇನು ನೋಡೋಣ. ನೀರು ಸೊನ್ನೆ ಡಿಗ್ರಿಗೆ ಮಂಜುಗಡ್ಡೆ ಆಗುವ ಹಾಗೆ ಡೀಸೆಲ್‌ಗೆ ಒಂದೇ ಗೆರೆ ಇಲ್ಲ. ಅದರಲ್ಲಿ ಪ್ಯಾರಾಫಿನ್ ಮೇಣ ಕರಗಿಕೊಂಡಿರುತ್ತದೆ. ಅದು ಕಲಬೆರಕೆಯೇನಲ್ಲ, ಎಂಜಿನ್‌ನಲ್ಲಿ ಚೆನ್ನಾಗಿ ಹತ್ತಿಕೊಳ್ಳುವ ಭಾಗವೇ ಅದು. ಚಳಿ ಏರಿದಂತೆ ಆ ಮೇಣ ಸಣ್ಣ ಸಣ್ಣ ಹರಳಾಗಿ ಹೊರಬರುತ್ತದೆ. ನಮ್ಮೂರಿನಲ್ಲೇ ಡಿಸೆಂಬರ್ ಬೆಳಗ್ಗೆ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿ ಮೊದಲು ಮಂಕಾಗಿ, ಆಮೇಲೆ ಬೆಳ್ಳಗೆ ಗಟ್ಟಿಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಮಂಕಾಗಲು ಶುರುವಾಗುವ ಉಷ್ಣತೆಗೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಇನ್ನೂ ತಣ್ಣಗಾದರೆ ಹರಳುಗಳು ಫಿಲ್ಟರ್ ಕಟ್ಟಿಸುತ್ತವೆ. ಆ ಹಂತವನ್ನು ಅಳೆಯುವ ಸಂಖ್ಯೆ ಸಿಎಫ್‌ಪಿಪಿ, ಅಂದರೆ ಕೋಲ್ಡ್ ಫಿಲ್ಟರ್ ಪ್ಲಗಿಂಗ್ ಪಾಯಿಂಟ್. ಅದಕ್ಕೂ ಕೆಳಗೆ ಹೋದರೆ ಟ್ಯಾಂಕಿನಲ್ಲೇ ಹರಿಯದಷ್ಟು ಗಟ್ಟಿ. ಅದಕ್ಕೆ ಸ್ವಲ್ಪ ಮೇಲೆ, ಕೊನೆಯ ಬಾರಿ ಹರಿಯುವ ಉಷ್ಣತೆಯೇ ಪೋರ್ ಪಾಯಿಂಟ್. ಗಾಡಿ ನಿಲ್ಲುವುದು ಸಾಮಾನ್ಯವಾಗಿ ಎರಡನೆಯ ಹಂತದಲ್ಲಿ. ಟ್ಯಾಂಕಿನಲ್ಲಿ ಡೀಸೆಲ್ ಕುಲುಕಾಡುತ್ತಲೇ ಇರುತ್ತದೆ, ಎಂಜಿನ್ ಮಾತ್ರ ಹಸಿದಿರುತ್ತದೆ. ಆದ್ದರಿಂದ ‘ಡೀಸೆಲ್ ಗಟ್ಟಿಯಾಗಿದೆ’ ಎಂದು ಟ್ಯಾಂಕಿನ ಕಡೆ ನೋಡುವುದೇ ತಪ್ಪು, ನೋಡಬೇಕಾದ್ದು ಫಿಲ್ಟರ್ ಕಡೆ.

ಸಿಎಫ್‌ಪಿಪಿ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಡೀಸೆಲನ್ನು ಒಂದೊಂದೇ ಡಿಗ್ರಿ ತಣಿಸುತ್ತಾ, 45 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಣ್ಣಿನ ಜಾಲರಿಯ ಮೂಲಕ ಸಣ್ಣ ಎಳೆತದಲ್ಲಿ 20 ಮಿಲಿಲೀಟರ್ ಎಳೆಯುತ್ತಾರೆ. ಅದು 60 ಸೆಕೆಂಡಿನೊಳಗೆ ತುಂಬದೇ ಹೋದ ಉಷ್ಣತೆಯೇ ಸಿಎಫ್‌ಪಿಪಿ. ಆದರೆ ಈಗಿನ ಕಾಮನ್ ರೈಲ್ ಎಂಜಿನ್ನಿನ, ಅಂದರೆ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದ ಡೀಸೆಲ್ ಹಂಚುವ ಎಂಜಿನ್ನಿನ, ಡೀಸೆಲ್ ಫಿಲ್ಟರ್‌ನ ಕಣ್ಣು ಬರೀ ಐದಾರು ಮೈಕ್ರಾನ್. ಪರೀಕ್ಷೆಯ ಜಾಲರಿಗಿಂತ ಎಷ್ಟೋ ಪಾಲು ಸಣ್ಣದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸಿಎಫ್‌ಪಿಪಿಗಿಂತ ಒಂದೆರಡು ಡಿಗ್ರಿ ಮೇಲೆಯೇ ಫಿಲ್ಟರ್ ಕಟ್ಟಿಕೊಂಡರೆ ಆಶ್ಚರ್ಯಪಡಬೇಕಿಲ್ಲ.

ನಮ್ಮ ದೇಶದ ಡೀಸೆಲ್‌ಗೆ ಐಎಸ್ 1460 ಎಂಬ ಮಾನಕವಿದೆ. ಅದರಲ್ಲಿ ಸಿಎಫ್‌ಪಿಪಿ ಚಳಿಗಾಲಕ್ಕೆ, ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಗರಿಷ್ಠ 6 ಡಿಗ್ರಿ. ಉಳಿದ ತಿಂಗಳುಗಳಿಗೆ ಗರಿಷ್ಠ 18 ಡಿಗ್ರಿ. ಇದು ಸೊನ್ನೆಯ ಕೆಳಗಿನ ಲೆಕ್ಕವಲ್ಲ, ಮೇಲಿನದೇ. ಬಂಕಿಗೆ ಬರುವ ಡೀಸೆಲ್ ಇದಕ್ಕಿಂತ ಚೆನ್ನಾಗಿರಬಹುದು. ಆದರೆ ಮಾನಕ ಕೊಡುವ ಖಾತರಿ ಇಷ್ಟೇ. ಬೆಂಗಳೂರಿಗೆ ಇದು ಧಾರಾಳ ಸಾಕು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿಯೇ ನಮ್ಮ ಊರಿನ ಮೆಕ್ಯಾನಿಕ್‌ಗಳಿಗೂ ಚಾಲಕರಿಗೂ ಈ ಕಷ್ಟದ ಪರಿಚಯವಿಲ್ಲ. ಲೇಹ್‌ನಲ್ಲಿ ಜನವರಿ ರಾತ್ರಿ ಮೈನಸ್ 15ರ ಆಸುಪಾಸು, ಕಾಜಾದಲ್ಲಿ ಮೈನಸ್ 20, ದ್ರಾಸ್‌ನಲ್ಲಿ ಅದಕ್ಕೂ ಕೆಳಗೆ ಇಳಿಯುವುದುಂಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ‘ಬೆಂಗಳೂರಿನ ಡೀಸೆಲ್ ಅಲ್ಲಿ ಗಟ್ಟಿಯಾಗುತ್ತದೆ’ ಎಂದು ಹಲವರು ಹೆದರುತ್ತಾರೆ. ಬೆಂಗಳೂರಿನಲ್ಲಿ ತುಂಬಿಸಿದ 50 ಲೀಟರ್ ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ 750 ಕಿ.ಮೀ.ಗೆ ಮುಗಿಯುತ್ತದೆ. ದೆಹಲಿಯೇ ಎರಡು ಸಾವಿರ ಕಿ.ಮೀ. ದಾಟುತ್ತದೆ. ಕೈ ಕೊಡುವುದು ಇಲ್ಲಿಯ ಡೀಸೆಲ್ ಅಲ್ಲ. ಅಂಬಾಲಾ, ಚಂಡೀಗಢ, ಬಿಲಾಸ್‌ಪುರದ ಕಡೆ ‘ಮೇಲೆ ಬಂಕ್ ಸಿಗುತ್ತದೋ ಇಲ್ಲವೋ’ ಎಂದು ಬಾಯಿಮಟ್ಟ ತುಂಬಿಸಿಕೊಳ್ಳುವ, ಜತೆಗೆ ಎರಡು ಕ್ಯಾನ್‌ಗಳಲ್ಲೂ ಹೊತ್ತೊಯ್ಯುವ ಬಯಲುಸೀಮೆಯ ಡೀಸೆಲ್. ಅದಕ್ಕೆ ಬಯಲಿನ ಚಳಿಯಷ್ಟೇ ಗೊತ್ತು.

ಮಾಡಬೇಕಾದ್ದು ಇದರ ತಿರುಗುಮುರುಗು. ಬೆಟ್ಟ ಹತ್ತುವ ಮೊದಲು ಮೇಲಿನ ಬಂಕ್ ಮುಟ್ಟಲು ಬೇಕಾದಷ್ಟು, ಅದರ ಮೇಲೆ ಸ್ವಲ್ಪ ಮೀಸಲು ಸೇರಿಸಿ ಹಾಕಿಸಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದ ಹೊತ್ತಿಗೆ ಮೇಲಿನ ಊರು ತಲುಪಿರಬೇಕು. ಅಲ್ಲಿ ‘ವಿಂಟರ್ ಡೀಸೆಲ್ ಇದೆಯಾ’ ಎಂದು ಬಾಯಿಬಿಟ್ಟು ಕೇಳಿ ಫುಲ್ ಮಾಡಿಸಿ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖ್‌ಗೆಂದು ಇಂಥ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾದ ಇದರ ಪೋರ್ ಪಾಯಿಂಟ್ ಮೈನಸ್ 33 ಡಿಗ್ರಿ. ಮೈನಸ್ 33 ಎಂದರೆ ಆ ಚಳಿಯಲ್ಲೂ ಗಾಡಿ ಓಡುತ್ತದೆ ಎಂದು ತಿಳಿಯಬೇಡಿ. ಅದು ಹರಿಯುವ ಸಂಖ್ಯೆ, ಫಿಲ್ಟರ್ ದಾಟುವ ಸಂಖ್ಯೆಯಲ್ಲ. ಫಿಲ್ಟರ್ ಕಟ್ಟುವುದು ಅದಕ್ಕಿಂತ ಮೇಲೆಯೇ.

ಅರ್ಧ ಟ್ಯಾಂಕ್ ಹಳೆಯದಕ್ಕೆ ಅರ್ಧ ಚಳಿಗಾಲದ ಡೀಸೆಲ್ ಸೇರಿಸಿದರೆ ಎರಡರ ಸರಾಸರಿ ಸಿಗುತ್ತದೆಂಬ ಲೆಕ್ಕವೂ ಸರಿಯಲ್ಲ. ಮೇಣದ್ದೇ ಮೇಲುಗೈ, ಮಿಶ್ರಣ ಕೆಟ್ಟದರ ಕಡೆಗೇ ವಾಲುತ್ತದೆ. ಹಾಗಾಗಿ ಹಳೆಯದು ಎಷ್ಟು ಕಡಿಮೆ ಉಳಿದಿರುತ್ತದೋ ಅಷ್ಟು ಒಳ್ಳೆಯದು. ತುಂಬಿಸಿದ ತಕ್ಷಣ ಹೋಟೆಲ್ ಮುಂದೆ ನಿಲ್ಲಿಸಿ ಮಲಗಿಬಿಡಬೇಡಿ. ಪೈಪು, ಫಿಲ್ಟರ್, ಪಂಪಿನಲ್ಲಿ ಇನ್ನೂ ಹಳೆಯ ಡೀಸೆಲ್ ಇರುತ್ತದೆ. ಹತ್ತು ಹದಿನೈದು ಕಿ.ಮೀ. ಓಡಿಸಿ, ಹೊಸದು ಅಲ್ಲಿಯವರೆಗೂ ಬರಲಿ. ರಾತ್ರಿ ಟ್ಯಾಂಕ್ ತುಂಬಿರುವುದಕ್ಕೆ ಇನ್ನೊಂದು ಲಾಭವುಂಟು: ಖಾಲಿ ಜಾಗದ ತೇವ ಬೆವರಾಗಿ ಡೀಸೆಲ್‌ಗೆ ನೀರು ಸೇರುವುದು ಕಡಿಮೆಯಾಗುತ್ತದೆ.

ಟ್ಯಾಂಕಿನಲ್ಲಿರುವುದು ಎಂಥ ಡೀಸೆಲ್ ಎಂದು ತಿಳಿಯಲು ಲ್ಯಾಬ್ ಬೇಡ. ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿಯಲ್ಲಿ, ಬಂಕ್‌ನಲ್ಲಿ ತುಂಬಿಸುವಾಗಲೇ ನೂರು ಮಿಲಿಲೀಟರ್ ಹಿಡಿದುಕೊಳ್ಳಿ. ರಾತ್ರಿ ಗಾಡಿಯ ಹೊರಗೆ, ಚಕ್ರದ ಪಕ್ಕದಲ್ಲಿಡಿ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದರೆ ನಿಶ್ಚಿಂತೆ. ಮಂಕಾಗಿದ್ದರೆ ಫಿಲ್ಟರ್ ಬಿಸಿ ಮಾಡದೆ ಹೊರಡಬೇಡಿ. ತಳದಲ್ಲಿ ಬಿಳಿ ಮೇಣ ಕೂತಿದ್ದರೆ ಬಿಸಿಲೇರುವವರೆಗೆ ಚಹಾ ಕುಡಿಯುತ್ತಾ ಕೂತಿರುವುದೇ ಲೇಸು.

ಇನ್ನು ಫಿಲ್ಟರ್. ಬೆಂಗಳೂರಿನಿಂದ ಹೊರಡುವ ಮುನ್ನ ಹೊಸದನ್ನೇ ಹಾಕಿಸಿ, ಇನ್ನೊಂದನ್ನು ಅದರ ಓ-ರಿಂಗ್ ಸಮೇತ ಗಾಡಿಯಲ್ಲಿಡಿ. ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಫಿಲ್ಟರ್ ಈ ಕೆಲಸಕ್ಕಲ್ಲ. ಅರ್ಧ ಕಟ್ಟಿದ ಹಳೇ ಫಿಲ್ಟರ್ ಬೆಂಗಳೂರಿನಲ್ಲಿ ತಕರಾರಿಲ್ಲದೆ ಓಡುತ್ತದೆ. ಮೈನಸ್ ಐದಕ್ಕೆ ಅದೇ ಮೊದಲು ಕೈ ಎತ್ತುವುದು. ಫಿಲ್ಟರ್ ತಳದಲ್ಲಿ ನೀರು ಬಿಡುವ ಡ್ರೈನ್ ಸ್ಕ್ರೂ ಇರುತ್ತದೆ. ಚಳಿ ಪ್ರದೇಶದಲ್ಲಿ ದಿನಾ ಸಂಜೆ, ಗಾಡಿ ನಿಲ್ಲಿಸಿದ ಕೂಡಲೇ, ಎಂಜಿನ್ ಬಿಸಿಯಿರುವಾಗ, ಅರ್ಧ ಲೋಟದಷ್ಟು ಬಿಡಿ. ತಿಳಿ ಡೀಸೆಲ್ ಬರುವವರೆಗೆ. ಬೆಳಗ್ಗೆ ಮಾಡುತ್ತೇನೆಂದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಸ್ಕ್ರೂ ತಿರುಗಿದರೂ ಏನೂ ಇಳಿಯುವುದಿಲ್ಲ. ಡೀಸೆಲ್ ಎಷ್ಟೇ ಒಳ್ಳೆಯದಿರಲಿ, ಬೆರೆತ ನೀರು ಸೊನ್ನೆಗೇ ಗಟ್ಟಿ. ‘ವಿಂಟರ್ ಡೀಸೆಲ್ ಹಾಕಿಸಿದರೂ ನಿಂತುಹೋಯಿತು’ ಎನ್ನುವ ಎಷ್ಟೋ ದೂರಿನ ಹಿಂದೆ ಈ ನೀರೇ ಇರುತ್ತದೆ. ಬಹಳಷ್ಟು ಕಾಮನ್ ರೈಲ್ ಗಾಡಿಗಳಲ್ಲಿ ಫಿಲ್ಟರ್‌ಗೆ ಕರೆಂಟಿನ ಹೀಟರ್ ಇದೆ. ಅದರ ಫ್ಯೂಸ್, ಕನೆಕ್ಟರ್ ಸರಿಯಿದೆಯೇ ಎಂದು ಇಲ್ಲೇ ನೋಡಿಸಿ. ಬೆಂಗಳೂರಿನಲ್ಲಿ ಕೆಲಸವೇ ಇಲ್ಲದ್ದರಿಂದ ಕೆಟ್ಟಿದ್ದರೂ ಯಾರಿಗೂ ತಿಳಿದಿರುವುದಿಲ್ಲ.

ಫ್ಲೋ ಇಂಪ್ರೂವರ್ ಅಥವಾ ಆ್ಯಂಟಿ ಜೆಲ್ ಎಂದು ಮಾರುವ ದ್ರಾವಣ ನಿಜಕ್ಕೂ ಕೆಲಸ ಮಾಡುತ್ತದೆ, ಸರಿಯಾದ ಹೊತ್ತಿಗೆ ಹಾಕಿದರೆ. ಅದು ಮೇಣವನ್ನು ಕರಗಿಸುವುದಿಲ್ಲ. ಹುಟ್ಟುವ ಹರಳು ದೊಡ್ಡ ಹಾಳೆಯಾಗಿ ಹೆಣೆದುಕೊಳ್ಳದಂತೆ ಸಣ್ಣದಾಗಿಯೇ ಇಡುತ್ತದೆ. ಆದ್ದರಿಂದ ಹರಳು ಹುಟ್ಟುವ ಮೊದಲೇ ಡೀಸೆಲ್‌ನಲ್ಲಿ ಬೆರೆತಿರಬೇಕು. ಬೆಟ್ಟದ ಬುಡದಲ್ಲಿ, ಹಗಲಲ್ಲಿ, ಮೊದಲು ದ್ರಾವಣ ಸುರಿದು ಅದರ ಮೇಲೆ ಡೀಸೆಲ್ ಹಾಕಿಸಿದರೆ ತಾನೇ ಕಲಸಿಕೊಳ್ಳುತ್ತದೆ. ಪ್ರಮಾಣ ಬಾಟಲಿಯ ಮೇಲೆ ಬರೆದಂತೆ: 1:500 ಎಂದಿದ್ದರೆ 50 ಲೀಟರಿಗೆ 100 ಮಿಲಿಲೀಟರ್. ಇರಲಿ ಎಂದು ಎರಡರಷ್ಟು ಸುರಿದರೆ ಎರಡರಷ್ಟು ಲಾಭವಿಲ್ಲ. ಬೆಳಗ್ಗೆ ಗಾಡಿ ನಿಂತ ಮೇಲೆ ಟ್ಯಾಂಕಿಗೆ ಸುರಿದರೆ ಪ್ರಯೋಜನವೇ ಇಲ್ಲ, ಫಿಲ್ಟರ್ ದಾರಿ ಆಗಲೇ ಮುಚ್ಚಿದೆ. ಇನ್ನೊಂದು ಮಾತು: ಅಂಗಡಿಯಲ್ಲಿ ಇಂಜೆಕ್ಟರ್ ಕ್ಲೀನರ್, ಸೀಟೇನ್ ಬೂಸ್ಟರ್ ಕೊಟ್ಟು ‘ಇದೂ ಅದೇ ಸಾರ್’ ಎನ್ನುತ್ತಾರೆ. ಅದೇ ಅಲ್ಲ.

ಈಗ ಸೀಮೆಎಣ್ಣೆಗೆ ಬರೋಣ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಮೇಣದ ಪಾಲು ತೆಳುವಾಗಿ ಕ್ಲೌಡ್ ಪಾಯಿಂಟ್ ಇಳಿಯುವುದು ನಿಜ. ಎಷ್ಟು? ನೂರಕ್ಕೆ ಹತ್ತು ಪಾಲು ಬೆರೆಸಿದರೆ ಸುಮಾರು ಎರಡು ಮೂರು ಡಿಗ್ರಿ. 50 ಲೀಟರಿಗೆ ಐದು ಲೀಟರ್ ಸುರಿದವರಿಗೆ ಸಿಗುವುದು ಇಷ್ಟೇ. ಮೈನಸ್ 15ರ ಊರಿನಲ್ಲಿ ಇದರಿಂದ ಏನಾಗಬೇಕು? ಅರ್ಧಕ್ಕರ್ಧ ಬೆರೆಸಬೇಕಾಗುತ್ತದೆ, ಆಗ ಅದು ಡೀಸೆಲ್ ಅಲ್ಲವೇ ಅಲ್ಲ.

ಹಳೆಯ ಲಾರಿ ಚಾಲಕರು ದಡ್ಡರೇನಲ್ಲ. ಅವರ ಹಳೇ ಬಗೆಯ ಇನ್‌ಲೈನ್ ಪಂಪಿನ ಕ್ಯಾಮ್‌ಗೆ ಎಂಜಿನ್ ಆಯಿಲ್‌ನಿಂದಲೇ ಜಾರಿಕೆ ಸಿಗುತ್ತಿತ್ತು, ಒತ್ತಡವೂ ಈಗಿನದರ ಮುಂದೆ ಬಹಳ ಕಡಿಮೆ, ಸೈಲೆನ್ಸರ್ ಬರೀ ತಗಡಿನ ಡಬ್ಬಿ. ಈಗಿನ ಕಾಮನ್ ರೈಲ್ ಪಂಪ್ 1,600ರಿಂದ 2,000 ಬಾರ್ ಒತ್ತಡ ಹುಟ್ಟಿಸುತ್ತದೆ, ಅದರ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಕೆರೆದುಕೊಂಡು ಉದುರುವ ಲೋಹದ ಪುಡಿ ರೈಲ್‌ಗೂ ಅಲ್ಲಿಂದ ನಾಲ್ಕೂ ಇಂಜೆಕ್ಟರ್‌ಗಳಿಗೂ ಹೋಗುತ್ತದೆ. ಆ ಹಂತ ಮುಟ್ಟಿದರೆ ಪಂಪು, ರೈಲು, ಇಂಜೆಕ್ಟರ್ ಎಲ್ಲವನ್ನೂ ಬದಲಿಸಿ, ಟ್ಯಾಂಕ್ ತೊಳೆದು, ಪೈಪ್‌ಗಳನ್ನೂ ಶುಚಿ ಮಾಡಬೇಕು. ಬರೀ ಪಂಪ್ ಬದಲಿಸಿ ಕೊಟ್ಟರೆ ಉಳಿದ ಪುಡಿ ಹೊಸ ಇಂಜೆಕ್ಟರ್‌ಗಳನ್ನೂ ತಿನ್ನುತ್ತದೆ.

ಗಂಧಕದ ಲೆಕ್ಕ ಇನ್ನೂ ಕೆಟ್ಟದ್ದು. ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರುವಂತಿಲ್ಲ. ಸೀಮೆಎಣ್ಣೆಯ ಮಾನಕದಲ್ಲಿ ಶೇ 0.25ರವರೆಗೆ, ಅಂದರೆ ಹತ್ತು ಲಕ್ಷಕ್ಕೆ 2,500 ಪಾಲಿನವರೆಗೆ ಅವಕಾಶವಿದೆ. ಒಂದು ಭಾಗ ಅಂಥ ಸೀಮೆಎಣ್ಣೆಗೆ ಒಂಬತ್ತು ಭಾಗ ಡೀಸೆಲ್ ಬೆರೆಸಿ ಲೆಕ್ಕ ಹಾಕಿ: ಹತ್ತು ಲಕ್ಷಕ್ಕೆ 259. ಮಿತಿಯ ಇಪ್ಪತ್ತೈದು ಪಟ್ಟು ದಾಟಿತು. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಗಂಧಕಕ್ಕೆ ಮಂಕಾಗುತ್ತದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ಆ ಮಸಿ ಸುಟ್ಟುಕೊಳ್ಳಲಾರದೆ ಕಟ್ಟುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿ ಗಾಡಿ ತೆವಳಲು ಶುರುಮಾಡುತ್ತದೆ. ಅದೂ ಊರಿಗೆ ಮರಳುವ ಹೊತ್ತಿಗೆ. ಹಾಗಾಗಿ ಮೂಲ ಕಾರಣ ಸೀಮೆಎಣ್ಣೆ ಎಂದು ಯಾರೂ ನೆನಪಿಸಿಕೊಳ್ಳುವುದಿಲ್ಲ. ಪಡಿತರದ ನೀಲಿ ಸೀಮೆಎಣ್ಣೆಯನ್ನು ಗಾಡಿಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ ಎಂಬುದು ಬೇರೆ ಮಾತು.

ಪೆಟ್ರೋಲ್ ಬೆರೆಸುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಒಂದು ಲೀಟರ್ ಕೂಡ ಬೇಡ. ಜಿಡ್ಡು ತೊಳೆದುಹೋಗುವುದರ ಜತೆಗೆ ಟ್ಯಾಂಕಿನೊಳಗೆ ಬೆಂಕಿ ಹತ್ತುವ ಆವಿ ತುಂಬುತ್ತದೆ.

ಗಾಡಿ ನಿಂತೇಬಿಟ್ಟರೆ ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ. ಸೆಲ್ಫ್ ಹೊಡೆದಾಗ ಎಂಜಿನ್ ಭಾರವಾಗಿ, ಕಟಕಟ ಎಂದು ತಿರುಗಿದರೆ ಅದು ಬ್ಯಾಟರಿ ಅಥವಾ ದಪ್ಪಗಾದ ಆಯಿಲ್, ಡೀಸೆಲ್‌ಗೆ ಬೈಯಬೇಡಿ. ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಸೈಲೆನ್ಸರ್ ಕಡೆ ಒಬ್ಬರು ನಿಂತು ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್‌ವರೆಗೆ ಹೋಗುತ್ತಿದೆ, ಉರಿಯಲು ಬಿಸಿ ಸಾಲುತ್ತಿಲ್ಲ. ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ, ಕೀ ಆನ್ ಮಾಡಿ ಸುರುಳಿ ದೀಪ ಆರುವವರೆಗೆ ಕಾದು, ಆಫ್ ಮಾಡಿ, ಮತ್ತೆ ಆನ್ ಮಾಡಿ ಕಾದು, ಆಮೇಲೆ ಸೆಲ್ಫ್ ಹೊಡೆಯಿರಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಇನ್ನೊಂದು ಬಗೆ ಬಹಳ ಮೋಸದ್ದು: ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಎರಡು ಮೂರು ಕಿ.ಮೀ. ಹೋದ ಮೇಲೆ ಪಿಕಪ್ ಬಿಡುತ್ತದೆ, ಏರಿನಲ್ಲಿ ಉಸಿರುಕಟ್ಟಿ ನಿಲ್ಲುತ್ತದೆ. ಫಿಲ್ಟರ್ ದಾಟಿ ಮುಂದಿದ್ದ ಡೀಸೆಲ್ ಮುಗಿಯುವವರೆಗೆ ಓಡಿ, ಹಿಂದಿನಿಂದ ಬಂದ ಮೇಣ ಫಿಲ್ಟರ್ ಮುಚ್ಚಿರುತ್ತದೆ. ಆದ್ದರಿಂದ ಹೊರಡುವ ಮೊದಲು ನಿಂತಲ್ಲೇ ಹತ್ತು ನಿಮಿಷ ಓಡಿಸಿ ನೋಡಿ. ಕಣಿವೆಯ ತಿರುವಿನಲ್ಲಿ ನಿಲ್ಲುವ ಬದಲು ಹೋಟೆಲ್ ಅಂಗಳದಲ್ಲೇ ನಿಲ್ಲಲಿ.

ಸೆಲ್ಫ್ ಹೊಡೆಯುವುದು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್, ಆಮೇಲೆ ಎರಡು ನಿಮಿಷ ಬಿಡುವು. ಮೂರು ನಾಲ್ಕು ಸಲಕ್ಕೆ ಹತ್ತದಿದ್ದರೆ ನಿಲ್ಲಿಸಿ. ಮುಂದುವರಿಸಿದರೆ ಬ್ಯಾಟರಿ ಸಾಯುತ್ತದೆ, ಜತೆಗೆ ಪಂಪ್ ಒಣಗಿ ತಿರುಗಿ ಕೆರೆದುಕೊಳ್ಳುತ್ತದೆ. ಫಿಲ್ಟರ್‌ನ ಹೊರಮೈಗೆ ದಪ್ಪ ಬಟ್ಟೆ ಸುತ್ತಿ, ಕನೆಕ್ಟರ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ಬಿಸಿ ನೀರನ್ನು ನಿಧಾನಕ್ಕೆ ಬಟ್ಟೆಯ ಮೇಲೆ ಬಿಡಿ. ಕೈ ಸುಡುವಷ್ಟು ಬಿಸಿ ಸಾಕು, ಕುದಿಯುವುದು ಬೇಡ. ಫಿಲ್ಟರ್ ತಳದ ತಣ್ಣನೆಯ ಪ್ಲಾಸ್ಟಿಕ್ ಬೌಲ್ ಬಿರುಕು ಬಿಟ್ಟೀತು. ಎರಡು ಮೂರು ಕೆಟಲ್ ನೀರು, ಹತ್ತು ನಿಮಿಷ. ಆಮೇಲೆ ಒದ್ದೆ ಬಟ್ಟೆ ತೆಗೆದುಬಿಡಿ, ಇಲ್ಲವಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಹೋಟೆಲ್‌ನಲ್ಲಿ ಕರೆಂಟ್ ಇದ್ದರೆ ತಲೆ ಒಣಗಿಸುವ ಹೇರ್ ಡ್ರೈಯರ್ ಇದಕ್ಕಿಂತ ಶುಚಿ: ಫಿಲ್ಟರ್‌ಗೂ ಅದಕ್ಕೆ ಬರುವ ಪೈಪಿಗೂ ಕಾಲು ಗಂಟೆ ಹಿಡಿಯಿರಿ. ನಂತರ ಕೈ ಪಂಪ್ ಇದ್ದರೆ ಅದು ಬಿಗಿಯಾಗುವವರೆಗೆ ಒತ್ತಿ, ಕರೆಂಟ್ ಪಂಪಿನ ಗಾಡಿಯಾದರೆ ನಾಲ್ಕೈದು ಸಲ ಕೀ ಆನ್ ಆಫ್ ಮಾಡಿ, ಸೆಲ್ಫ್ ಹೊಡೆಯಿರಿ. ಹತ್ತಿದ ಮೇಲೆ ರೇಸ್ ಮಾಡಬೇಡಿ. ಎಂಜಿನ್‌ನಿಂದ ಟ್ಯಾಂಕಿಗೆ ಮರಳುವ ಬಿಸಿ ಡೀಸೆಲ್ ಉಳಿದದ್ದನ್ನೂ ನಿಧಾನಕ್ಕೆ ಕರಗಿಸುತ್ತದೆ.

ಫಿಲ್ಟರ್ ಬದಲಿಸಲೇಬೇಕಾದರೆ ಹೊಸದರ ಮಧ್ಯದ ತೂತಿಗೆ ಡೀಸೆಲ್ ಸುರಿಯಬೇಡಿ. ಅದು ಶುದ್ಧವಾಗಿ ಹೊರಬರುವ ಕಡೆ. ಅಲ್ಲಿ ಬಿದ್ದ ಕಸ ಸೋಸದೆ ನೇರ ಪಂಪಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯ: ಏರ್ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ಹಳೆಯ ಅಭ್ಯಾಸವನ್ನು ಕಾಮನ್ ರೈಲ್ ಗಾಡಿಯಲ್ಲಿ ಮಾಡಲೇಕೂಡದು. ಆ ಒತ್ತಡದ ಡೀಸೆಲ್ ಧಾರೆ ಚರ್ಮ ಸೀಳಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುವ ಗಾಯಕ್ಕೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಹಾಗೇನಾದರೂ ಆದರೆ ನೋವಿಲ್ಲವೆಂದು ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬೆಂಕಿ ಹಾಕುವ ವಿಷಯ. ಲಾರಿಯ ಕಬ್ಬಿಣದ ಟ್ಯಾಂಕಿನ ಕೆಳಗೆ ಚಿಂದಿ ಉರಿಸುವುದನ್ನು ನೋಡಿ ಕಾರಿಗೂ ಮಾಡುವವರಿದ್ದಾರೆ. ಈಗಿನ ಕಾರುಗಳಲ್ಲಿ ಟ್ಯಾಂಕ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಡೀಸೆಲ್ ಪೈಪ್ ನೈಲಾನ್, ಪಕ್ಕದಲ್ಲೇ ವೈರಿಂಗ್, ಬ್ರೇಕ್ ಹೋಸ್. ಬ್ಲೋ ಲ್ಯಾಂಪ್ ಆದರೂ ಅಷ್ಟೇ. ಮೇಲಾಗಿ ಕಟ್ಟಿರುವುದು ಫಿಲ್ಟರ್ ಎಂದ ಮೇಲೆ ಟ್ಯಾಂಕ್ ಬಿಸಿ ಮಾಡಿ ಫಲವೇನು?

ರಾತ್ರಿಯಿಡೀ ಎಂಜಿನ್ ಓಡುತ್ತಿರಲಿ ಎನ್ನುವುದು ಇನ್ನೊಂದು ಉಪಾಯ. ಖಾಲಿ ಗಾಡಿಯಾದರೆ ಡಿಪಿಎಫ್ ಕಟ್ಟುತ್ತದೆ, ಅಷ್ಟೇ. ಒಳಗೆ ಮಲಗಿದ್ದರೆ ಜೀವಕ್ಕೇ ಅಪಾಯ. ಹಿಮ ಬಿದ್ದು ಸೈಲೆನ್ಸರ್ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್‌ಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಡೀಸೆಲ್ ಬಿಟ್ಟು ಉಳಿದವುಗಳಲ್ಲಿ ಬೆಂಗಳೂರಿನ ಗಾಡಿಗಳಿಗೆ ದೊಡ್ಡ ಗಂಡಾಂತರ ರೇಡಿಯೇಟರ್. ಸೋರಿದಾಗಲೆಲ್ಲ ಬೋರ್‌ವೆಲ್ ನೀರು ಸುರಿದೂ ಸುರಿದೂ ಕೂಲೆಂಟ್ ಹೆಸರಿಗಷ್ಟೇ ಉಳಿದಿರುತ್ತದೆ. ಬಣ್ಣ ಹಸಿರಾಗಿದ್ದರೆ ಸಾಲದು. ಅರ್ಧ ಗ್ಲೈಕಾಲ್ (ನೀರು ಗಡ್ಡೆಯಾಗದಂತೆ ತಡೆಯುವ ದ್ರವ), ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದರೆ ಮೈನಸ್ 37ರವರೆಗೆ ಭಯವಿಲ್ಲ. ಬರೀ ನೀರಿದ್ದರೆ ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಉಬ್ಬಿ ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಗ್ಲೈಕಾಲ್ ಪಾಲು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಎರಡು ಹನಿ ಹಾಕಿದರೆ ಅರ್ಧ ನಿಮಿಷದಲ್ಲಿ ತಿಳಿಯುವ ವಿಷಯ, ಕೇಳಿ ನೋಡಿಸಿಕೊಳ್ಳಿ. ಎಂಜಿನ್ ಆಯಿಲ್ 15ಡಬ್ಲ್ಯೂ-40 ಇದ್ದರೆ, ಗಾಡಿಯ ಪುಸ್ತಕದಲ್ಲಿ ಅವಕಾಶವಿದ್ದಲ್ಲಿ, ಚಳಿಯಲ್ಲಿ ಅಷ್ಟು ದಪ್ಪಗಾಗದ 5ಡಬ್ಲ್ಯೂ ದರ್ಜೆಗೆ ಬದಲಿಸಿ. ಮೈನಸ್ 18ರಲ್ಲಿ ಬ್ಯಾಟರಿಯ ಬಲ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ವರ್ಷದ ಬ್ಯಾಟರಿ ಹೊತ್ತು ಹೋಗಬೇಡಿ. ಚಾರ್ಜ್ ಪೂರ್ತಿ ಇಳಿದ ಬ್ಯಾಟರಿಯ ಆ್ಯಸಿಡ್ ಮೈನಸ್ ಹತ್ತರ ಆಸುಪಾಸಿಗೇ ಗಡ್ಡೆಯಾಗಿ ಡಬ್ಬಿ ಬಿರಿಯುತ್ತದೆ. ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ ಮೈನಸ್ 11ಕ್ಕೆ ಗಟ್ಟಿಯಾಗುವುದು ಸಹಜ, ಗಾಡಿಯ ಹೀಟರೇ ಅದನ್ನು ಕರಗಿಸಿಕೊಳ್ಳುತ್ತದೆ. ಉಬ್ಬಲು ಜಾಗವಿರಲೆಂದು ಬಾಯಿಮಟ್ಟ ತುಂಬಿಸಬೇಡಿ, ಬಿಸಿ ನೀರೋ ಕೂಲೆಂಟೋ ಬೆರೆಸಲೇಬೇಡಿ. ಟೆಂಪೊ, ಲಾರಿಯವರು ಏರ್ ಟ್ಯಾಂಕಿನ ನೀರನ್ನು ಸಂಜೆಯೇ ಬಿಡಲಿ. ಹ್ಯಾಂಡ್ ಬ್ರೇಕ್ ಎಳೆಯದೆ, ಗೇರ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಒದ್ದೆ ಬ್ರೇಕ್ ಹಿಡಿದುಕೊಂಡುಬಿಡುತ್ತದೆ.

ಬೆಟ್ಟಕ್ಕೆ ಹೋಗದವರಿಗೂ ಇದರಲ್ಲಿ ಒಂದು ಪಾಲಿದೆ. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್, ಕಾರ್ಖಾನೆಗಳ ಜನರೇಟರ್‌ಗೆ ಅಗ್ಗವೆಂದು ಬಯೋಡೀಸೆಲ್ ತುಂಬಿಸುತ್ತಾರೆ. ಪಾಮ್ ಎಣ್ಣೆಯ ಶುದ್ಧ ಬಯೋಡೀಸೆಲ್‌ನ ಕ್ಲೌಡ್ ಪಾಯಿಂಟೇ 13ರಿಂದ 16 ಡಿಗ್ರಿ. ಜನವರಿ ಮುಂಜಾನೆ ಇಲ್ಲಿ ಅಷ್ಟು ಚಳಿ ಇದ್ದೇ ಇರುತ್ತದೆ. ಬೆಳಗಿನ ಐದಕ್ಕೆ ಕರೆಂಟ್ ಹೋಗಿ ಜನರೇಟರ್ ಸ್ಟಾರ್ಟ್ ಆಗಿ ಕೂಡಲೇ ನಿಂತರೆ ಫಿಲ್ಟರ್ ಬಿಚ್ಚಿ ನೋಡಿ. ಒಳಗೆ ಬಿಳಿ ಮೇಣವಿದ್ದು ಬಿಸಿಲಿಗೆ ಇಟ್ಟಾಗ ತಿಳಿಯಾದರೆ ಚಳಿಯ ಕಾಟ. ಕಂದುಬಣ್ಣದ ಲೋಳೆಯಿದ್ದು ಬಿಸಿಲಿಗೂ ಕರಗದಿದ್ದರೆ ಟ್ಯಾಂಕಿನ ತಳದ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳದ್ದು. ಅದಕ್ಕೆ ಟ್ಯಾಂಕ್ ತೊಳೆಯುವುದೇ ಮದ್ದು, ಫಿಲ್ಟರ್ ಬದಲಿಸುತ್ತಾ ಕೂತರೆ ದುಡ್ಡು ದಂಡ.

ತಮ್ಮ ಮೂಲಕ ಎರಡು ಕೋರಿಕೆ. ತೈಲ ಕಂಪನಿಗಳು ಹಿಮಾಲಯದ ಬಂಕ್‌ಗಳಲ್ಲಿ ಅಂದು ಮಾರುತ್ತಿರುವ ಡೀಸೆಲ್‌ನ ಸಿಎಫ್‌ಪಿಪಿಯನ್ನು ದರದ ಫಲಕದ ಮೇಲೇ ಬರೆಸಲಿ. ಸಾಂದ್ರತೆಯನ್ನು ಬರೆಯುವ ಜಾಗದಲ್ಲಿ ಇನ್ನೊಂದು ಸಂಖ್ಯೆ ಹಿಡಿಸದೇ ಇರದು. ಬೆಂಗಳೂರಿನಿಂದ ಚಳಿಗಾಲದ ಪ್ರವಾಸಕ್ಕೆ ಡೀಸೆಲ್ ಗಾಡಿ ಬಾಡಿಗೆಗೆ ಕೊಡುವವರು ಕೂಲೆಂಟ್ ಪರೀಕ್ಷೆಯ ಅಂಕಿ, ಬ್ಯಾಟರಿಯ ವಯಸ್ಸು, ಫಿಲ್ಟರ್ ಬದಲಿಸಿದ ತಾರೀಖು ಮೂರನ್ನೂ ಒಪ್ಪಂದದ ಹಾಳೆಯಲ್ಲಿ ನಮೂದಿಸಿ, ಒಂದು ಬದಲಿ ಫಿಲ್ಟರನ್ನು ಡಿಕ್ಕಿಯಲ್ಲಿಟ್ಟು ಕೊಡಲಿ.

ಇಂತಿ,
ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ ರಿಪೇರಿ ಕೆಲಸದವರು
ಬೆಂಗಳೂರು